ಯಲಹಂಕದ ಬಯಲಿನಲ್ಲಿ ನಮ್ಮೂರು

ಯಲಹಂಕದ ಬಯಲಿನಲ್ಲಿ ನಮ್ಮೂರು ನಿಂತಿತ್ತು. ಮಣ್ಣಿನ ಮಾಳಿಗೆಯ ಮನೆ, ಮುಂದೆ ಕಟ್ಟೆ, ಕಟ್ಟೆಯ ಮೇಲೆ ನೀರಿನ ಹರವಿ. ಹಿಂದೆ ಹೋಗಿ ನೋಡಿದರೆ ಗೋಡೆಯೇ ಇಲ್ಲ, ಬಿದಿರಿಗೆ ಆನಿಸಿ ನಿಲ್ಲಿಸಿದ ಹಲಗೆ! ನಾನು ಗದಗಿನ ಕಡೆಯಿಂದ ಇಲ್ಲಿಗೆ ಬಂದು ಏಳೆಂಟು ವರ್ಷವಾಗಿತ್ತು. ಊರು ನನ್ನನ್ನು ಹುಡುಕಿಕೊಂಡು ಹೀಗೆ ಬಂದೀತೆಂದು ಎಣಿಸಿರಲಿಲ್ಲ.

ಅದು ಸಿನಿಮಾದವರ ಕೆಲಸ. ದೊರೆಯ ವಿರುದ್ಧ ಬರೆದು ಸಂಸ್ಥಾನದಿಂದ ಗಡಿಪಾರಾದ ಲೇಖಕನೊಬ್ಬ ತಲೆ ನರೆತ ಮೇಲೆ ಮನೆಗೆ ಮರಳುವ ಹಳೇ ಕಾಲದ ಕಥೆ. ಬಾಗಿಲಲ್ಲಿ ಅವನ ಅಕ್ಕ ಎದುರುಗೊಳ್ಳಬೇಕು. ಅಕ್ಕನ ಪಾತ್ರ ಮಾಡುವವರು ಮೈಸೂರಿನವರು. ಅವರಿಗೆ ನಮ್ಮ ಕಡೆಯ ಮಾತು ಕಲಿಸಲು ನಿರ್ದೇಶಕರು ನನ್ನನ್ನು ಕರೆಸಿದ್ದರು. ನಿರ್ದೇಶಕರ ಮಗಳು ಜಾಲಹಳ್ಳಿಯಲ್ಲಿ ನಾನು ಪಾಠ ಹೇಳುವ ಶಾಲೆಯಲ್ಲೇ ಓದುತ್ತಿದ್ದಳು.

ಈ ನಗರಕ್ಕೆ ನಾನು ಒಗ್ಗಿಕೊಂಡದ್ದು ಹೇಗೆಂದು ನಿಮಗೆ ಹೇಳಬೇಕು. ಬಂದ ಹೊಸದರಲ್ಲಿ ಬಾಗಲಗುಂಟೆಯಲ್ಲಿ ಒಂದು ಕೋಣೆ ಸಿಕ್ಕಿತು. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಬೆಳಗಾದರೆ ಇಲ್ಲಿ ಕಾರ್ಖಾನೆಯ ಸೈರನ್ನಿಗೆ. ಮನೆಯೊಡತಿ ಮುನಿಯಮ್ಮ ಮುದ್ದೆ, ಬಸ್ಸಾರು ಕೊಟ್ಟರು. ಬಸ್ಸಾರೆಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನ ಸಾರು. ನಾನು ಮುದ್ದೆಯನ್ನು ಅಗಿಯುತ್ತಿದ್ದರೆ, "ಅಗೀಬಾರ್ದು ಕಣಮ್ಮ, ಇಂಗೆ ನುಂಗ್ಬೇಕು" ಎಂದು ತಾವೇ ನುಂಗಿ ತೋರಿಸಿದರು. ಅದನ್ನು ಬೇಗ ಕಲಿತೆ. ಶಾಲೆಯದೇ ಕಷ್ಟ. ನಾನು ಬಾಯಿ ತೆಗೆದರೆ ಮಕ್ಕಳು ಕಿಸಕ್ಕೆನ್ನುತ್ತಿದ್ದರು, ಟೀಚರುಗಳೂ. ಸಂಜೆ ಕೋಣೆಗೆ ಬಂದು ಒಬ್ಬಳೇ ಅಳುತ್ತಿದ್ದೆ. ಆಮೇಲೊಂದು ಉಪಾಯ ಹೊಳೆಯಿತು. ಅವರು ನಗುವ ಮೊದಲೇ ನಾನು ನಗಿಸತೊಡಗಿದೆ. ನಮ್ಮ ಓಣಿಯ ಹೆಂಗಸರ ಜಗಳವನ್ನು ಸ್ಟಾಫ್ ರೂಮಿನಲ್ಲಿ ರಾಗವಾಗಿ ಅಣಕಿಸುತ್ತಿದ್ದೆ. ಟೀ ಹೊತ್ತಿಗೆ ಎಲ್ಲರೂ ನನ್ನನ್ನು ಸುತ್ತುವರಿಯುತ್ತಿದ್ದರು. ಗೆದ್ದೆನೆಂದೇ ತಿಳಿದಿದ್ದೆ.

ಶೂಟಿಂಗಿನ ದಿನ ನಾನೇ ಜೋಳದ ರೊಟ್ಟಿ ಮಾಡಿಕೊಂಡು ಹೋಗಿದ್ದೆ. ಬಹಳ ಕಾಲದ ಮೇಲೆ ಮರಳಿದವರನ್ನು ನಮ್ಮಲ್ಲಿ ಹಾಗೇ ಒಳಗೆ ಕರೆಯುವುದಿಲ್ಲವಲ್ಲ. ಹೊಸ್ತಿಲಾಚೆ ನಿಲ್ಲಿಸಿ ರೊಟ್ಟಿಯ ತುಣುಕು, ನೀರು ನಿವಾಳಿಸಿ ಚೆಲ್ಲುತ್ತೇವೆ. ನಟಿ ಅದನ್ನು ಒಂದೇ ಸಲಕ್ಕೆ ಕಲಿತರು.

"ಈಗ ಮಾತು ಹೇಳ್ಕೊಡಿ ಮೇಡಂ," ಎಂದರು.

"ನಿಂದ್ರೋ ತಮ್ಮಾ, ಅಲ್ಲೇ ನಿಂದ್ರು. ಎಷ್ಟ್ ಸೊರಗೀಯೋ," ಎಂದೆ. ನನ್ನ ಬಾಯಿಂದ ಬಂದದ್ದು ಸ್ಟಾಫ್ ರೂಮಿನ ರಾಗ. ಮತ್ತೆ ಹೇಳಿದೆ, ಮತ್ತೂ ಅದೇ. ಅವ್ವ ಹೇಗೆ ಹೇಳುತ್ತಿದ್ದಳೆಂದು ಎಷ್ಟು ನೆನೆದರೂ ನಾಲಗೆ ಹೊರಳಲಿಲ್ಲ. ನಟಿ ಪಾಪ, ನಾನು ಹೇಳಿದಂತೆಯೇ ಕಲಿತರು. ಕ್ಯಾಮೆರಾ ಓಡಿತು. ಲೇಖಕ ಕಣ್ಣು ತುಂಬಿಕೊಂಡು ಹೊಸ್ತಿಲಾಚೆ ನಿಂತ, ಅಕ್ಕ ಬಾಯಿ ತೆಗೆದಳು, ಲೈಟಿನವರಿಂದ ಹಿಡಿದು ಎಲ್ಲರೂ ಗೊಳ್ಳೆಂದು ನಕ್ಕರು.

ನಿರ್ದೇಶಕರು ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಿಮ್ಮ ಮನೇಲಿ ನಿಜವಾಗ್ಲೂ ಹೀಗೇ ಮಾತಾಡ್ತಾರಾ?"

"ಹೂಂ, ಹೀಗೇ," ಎಂದುಬಿಟ್ಟೆ. ಇಲ್ಲವೆಂದರೆ ಇಷ್ಟು ದಿನ ಸ್ಟಾಫ್ ರೂಮಿನಲ್ಲಿ ನಾನು ಮಾಡಿದ್ದು ಏನೆಂದು ಹೇಳಬೇಕಾಗುತ್ತಿತ್ತು. ಅವರು ಮಾತನ್ನೇ ತೆಗೆದುಹಾಕಿದರು. ಅಕ್ಕ ಮೂಕಳಂತೆ ನಿವಾಳಿಸಿದಳು. ಹೆತ್ತವಳನ್ನು ಸಂತೆಯಲ್ಲಿ ನಿಲ್ಲಿಸಿ ನಗಿಸಿದಷ್ಟು ನಾಚಿಕೆಯಾಗಿ, ಯಾರಿಗೂ ಹೇಳದೆ ಬಸ್ಸು ಹತ್ತಿದೆ.

ಆದರೂ ಪರದೆಯ ಮೇಲೆ ಭಾಷೆಯ ಸಲಹೆಗಾರ್ತಿಯೆಂದು ನನ್ನ ಹೆಸರು ಹಾಕಿದ್ದರು. ರಜೆಗೆ ಊರಿಗೆ ಹೋದಾಗ ನನ್ನ ತಮ್ಮ ಮನೆಮಂದಿಯನ್ನೆಲ್ಲ ಗದಗಿನ ಟಾಕೀಜಿಗೆ ಕರೆದೊಯ್ದ. ಹೆಸರು ಬಂದಾಗ ಸಿಳ್ಳೆ ಹೊಡೆದ. ಮನೆಗೆ ಬಂದು ಊಟಕ್ಕೆ ಕೂತಾಗ ಮಾತ್ರ ಕೇಳಿದ: "ಎಲ್ಲಾ ಛಲೋ ಅದ ಅಕ್ಕಾ. ಆದ್ರ ಅಷ್ಟ್ ವರ್ಷಕ್ಕ ತಮ್ಮ ಬಂದಾನ, ಆಕಿ ಒಂದ್ ಮಾತೂ ಆಡ್ಲಿಲ್ಲಲಾ. ಹಂಗ ಸುಮ್ಮ ನಿಂದರ್ತಾರೇನು?"

"ಡೈರೆಕ್ಟರ್ ಹಾಗೆ ಮಾಡ್ಬಿಟ್ರು ಕಣೋ," ಎಂದೆ.

ಪಂಕ್ತಿಯಲ್ಲಿ ಎಲ್ಲರ ಕೈಯೂ ನಿಂತಿತು. "ಮಾಡ್ಬಿಟ್ರು ಕಣೋ," ಎಂದು ಬಾಯಿ ಸೊಟ್ಟ ಮಾಡಿ ತಮ್ಮ ಅಣಕಿಸಿದ. ಅವ್ವ ಸಹ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಾನೂ ನಕ್ಕೆ. ರಜೆ ಇನ್ನೂ ಬೇಕಾದಷ್ಟು ಇತ್ತು, ಆದರೆ ಮನೆಗೆ ಹೋಗಬೇಕು ಅನ್ನಿಸಿತು. ಬಾಗಲಗುಂಟೆಯ ಆ ಕೋಣೆಯನ್ನು ನನ್ನೊಳಗೆ ನಾನು ಮನೆ ಎಂದದ್ದು ಅದೇ ಮೊದಲು. ಅದಕ್ಕೂ ನಾಚಿಕೆಯಾಯಿತು.