ಲೈಟ್ ಹತ್ತಿತ್ತು, ಫ್ಯಾನ್ ತಿರುಗಲಿಲ್ಲ

ಕಣ್ಣು ಪೂರ್ತಿ ಹೋದ ಮೇಲೆ, ಬೆಳಗಿನ ಚಹಾದ ಜೊತೆ ಪೇಪರ್ ಓದುವ ಚಟವನ್ನು ನನಗೆ ಮರಳಿ ಕೊಟ್ಟದ್ದು ಖಾನಾಪುರದ ನಮ್ಮ ಮನೆಯ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರ್. ಪರದೆಯ ಮೇಲಿನ ಅಕ್ಷರಗಳನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ದನಿ ಒರಟು, ಒತ್ತಕ್ಷರ ಬಂದರೆ ಎಡವುತ್ತದೆ, ಆದರೆ ಯಾವುದನ್ನೂ ಬಿಡುವುದಿಲ್ಲ. ಅದಕ್ಕೂ ಮೊದಲು ನನ್ನ ಗಂಡ ಓದಿ ಹೇಳುತ್ತಿದ್ದರು. ಅವರ ಪೇಪರಿನಲ್ಲಿ ಅಪಘಾತ, ಕಾಯಿಲೆ, ಸಾವು ಇರುತ್ತಲೇ ಇರಲಿಲ್ಲ. ನನಗೆ ಆಗಿರುವ ದುಃಖವೇ ಸಾಕು ಎಂದು ಅವರ ಲೆಕ್ಕ.

ಕೀಲಿಮಣೆ ಕಲಿಸಿದವಳು ನನ್ನ ಗೆಳತಿ. ಬೆಳಗಾವಿಯ ಒಂದೇ ಹೈಸ್ಕೂಲಿನಲ್ಲಿ ನಾನು ಗಣಿತ, ಅವಳು ಮರಾಠಿ ಕಲಿಸುತ್ತಿದ್ದೆವು. ಭಾನುವಾರಗಳಂದು ಅದೇ ಊರಿನ ಮಹಾಂತೇಶ ನಗರದ ತನ್ನ ಮನೆಯಿಂದ ಬಂದು ನನ್ನ ಬಾಜೂ ಕುಳಿತು, ಬೆರಳು ಹಿಡಿದು ಒಂದೊಂದೇ ಕೀಲಿ ತೋರಿಸಿದ್ದಳು. ಈ ಸಲದ ಮಳೆಗಾಲದ ಹೊತ್ತಿಗೆ ಅವಳ ಆರೋಗ್ಯ ಕೆಟ್ಟಿತ್ತು. ಫೋನಿನಲ್ಲಿ ಮಾತು ಚಿಕ್ಕದಾಗುತ್ತ ಬಂದಿತ್ತು.

ಒಂದು ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿದೆ, ಏನೂ ಆಗಲಿಲ್ಲ. ದಿನವೂ ಮೊದಲು ಫ್ಯಾನ್ ಗುಂಯ್ ಎನ್ನುತ್ತದೆ, ಆಮೇಲೆ ಒಂದು ಸಣ್ಣ ಬೀಪ್. ಆ ದಿನ ಎರಡೂ ಇಲ್ಲ. ಗಂಡನನ್ನು ಕರೆದೆ.

"ಲೈಟ್ ಹತ್ತೈತಲ್ಲ, ಚಾಲೂನ ಐತಿ," ಅಂದರು.

ಅವರು ನೋಡಿದ್ದು ಪರದೆಯ ಕೆಳಗಿನ ದೀಪ. ಪರದೆಯ ಪಕ್ಕದ ಕಂಪ್ಯೂಟರ್ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡಿ ಎಂದೆ. ಅದು ಕಲ್ಲಿನಂತೆ ಸುಮ್ಮನಿತ್ತು. ಸಾಕೆಟ್ಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿದರು, ಕರೆಂಟ್ ಇತ್ತು. ಹಿಂದಿನ ಸಣ್ಣ ಸ್ವಿಚ್ಚನ್ನು ಆರಿಸಿ ಹಾಕಿದೆವು. ವಯರುಗಳನ್ನೆಲ್ಲ ಕಿತ್ತು, ಗುಂಡಿಯನ್ನು ಬಹಳ ಹೊತ್ತು ಒತ್ತಿ ಹಿಡಿದು ಮತ್ತೆ ಚುಚ್ಚಿದೆವು. ಕಡೆಗೆ ಪಕ್ಕದ ಮುಚ್ಚಳ ಬಿಚ್ಚಿ, ಒಳಗಿನ ಮೆಮೊರಿ ಪಟ್ಟಿಯನ್ನು ರಬ್ಬರಿನಿಂದ ಉಜ್ಜಿ ಅದರ ಜಾಗದಲ್ಲಿ ಕೂರಿಸಿದರು. ಧೂಳಿಗೆ ಇಬ್ಬರೂ ಸೀನಿದೆವು. ಪೆಟ್ಟಿಗೆ ಮಾತ್ರ ಮಿಸುಕಲಿಲ್ಲ.

ನನ್ನ ಭಯವನ್ನು ಅವರಿಗೆ ಹೇಳಲಾಗಲಿಲ್ಲ. ಮೊಬೈಲಿನ ನುಣ್ಣನೆಯ ಗಾಜು ನನ್ನ ಬೆರಳಿಗೆ ಎಂದೂ ಒಗ್ಗಿರಲಿಲ್ಲ. ಇನ್ನು ಮೇಲೆ ಮತ್ತೆ ಅವರು ಓದಿದಷ್ಟೇ ನನ್ನ ಜಗತ್ತು.

ಮರುದಿನ ಪೆಟ್ಟಿಗೆಯನ್ನು ಹಳೇ ಚಾದರದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬೆಳಗಾವಿಗೆ ಹೋದೆವು. ಖಾಸಬಾಗದ ರಿಪೇರಿ ಅಂಗಡಿಯವನು ತನ್ನ ವಯರು ಚುಚ್ಚಿ ಗುಂಡಿ ಒತ್ತಿದ. ಫ್ಯಾನ್ ತಿರುಗಿತು, ಬೀಪ್ ಕೇಳಿಸಿತು. ನನಗೆ ಅಳುವೇ ಬಂತು. ಅಂಗಡಿಯವನಿಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಮತ್ತೆ ಮತ್ತೆ ಆರಿಸಿ ಹಾಕಿ, ಇದಕ್ಕೇನೂ ಆಗಿಲ್ಲ, ನಿಮ್ಮ ಊರಿನ ಕರೆಂಟೇ ಕಮ್ಮಿ ಇರಬೇಕು ಎಂದ.

ಅಷ್ಟರಲ್ಲಿ ಗಂಡನಿಗೆ ಫೋನ್ ಬಂತು. ಮಾತಾಡುತ್ತ ಅಂಗಡಿಯಿಂದ ಹೊರಗೆ ಹೋದರು. ತಿರುಗಿ ಬಂದಾಗ ನಡಿಗೆ ಬೇರೆಯಾಗಿತ್ತು. ಯಾರದು ಎಂದೆ. ಆಫೀಸಿನದು ಅಂದರು. ಬಂದಿದ್ದೇವೆ, ಗೆಳತಿಯ ಮನೆಗೊಂದು ಹೆಜ್ಜೆ ಹೋಗೋಣ ಎಂದೆ. ಪೆಟ್ಟಿಗೆ ಹೊತ್ತುಕೊಂಡು ಎಲ್ಲಿ ತಿರುಗುವುದು, ಮಳೆ ಬರುವ ಹಾಗಿದೆ ಅಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಕುಳಿತಿದ್ದರು.

ಮನೆಗೆ ಬಂದು ಚುಚ್ಚಿದರೆ ಮತ್ತೆ ಅದೇ ಮೌನ. ಅವರು ಸಿಟ್ಟಿನಿಂದ ಚಾದರ ಎತ್ತಿ ಎಸೆದ ಸದ್ದು ಕೇಳಿತು. ಮರುದಿನ ಬೆಳಿಗ್ಗೆ ತಾವಾಗಿಯೇ ಪೇಪರ್ ಹಿಡಿದು ಕುಳಿತರು. ಬೆಳಗಾವಿ ಪುಟಕ್ಕೆ ಬಂದಾಗ ದನಿ ನಿಂತಿತು, ಹಾಳೆ ಮಗುಚಿತು, ಕ್ರಿಕೆಟ್ ಶುರುವಾಯಿತು. ನಡುವೆ ಏನಿತ್ತು ಎಂದು ಕೇಳಿದೆ. ಜಾಹೀರಾತು ಅಂದರು.

ಅವರು ಸ್ನಾನಕ್ಕೆ ಹೋದಾಗ ನಾನು ಮೇಜಿನ ಕೆಳಗೆ ಕುಳಿತೆ. ಅಂಗಡಿಯಲ್ಲಿ ನಡೆದದ್ದು ಇಲ್ಲಿ ಯಾಕೆ ನಡೆಯುತ್ತಿಲ್ಲ? ಪೆಟ್ಟಿಗೆ ಅದೇ. ಕರೆಂಟು ಕಮ್ಮಿ ಎನ್ನಲು ಮನೆಯ ಮಿಕ್ಸರ್ ಎಂದಿನಂತೆಯೇ ಕೂಗುತ್ತಿದೆ. ಹಾಗಾದರೆ ಬೇರೆಯಾಗಿದ್ದದ್ದು ವಯರು ಮಾತ್ರ. ನಾವು ಅದನ್ನು ಒಯ್ದೇ ಇರಲಿಲ್ಲ. ಪರದೆಯ ಹಿಂದಿನ ವಯರನ್ನು ಬೆರಳಿನಿಂದ ಸವರಿದೆ. ತುದಿಯಲ್ಲಿ ಅದೇ ಆಕಾರ, ಅದೇ ತೂತುಗಳು. ಅದನ್ನು ಕಿತ್ತು ಪೆಟ್ಟಿಗೆಗೆ ಚುಚ್ಚಿ ಗುಂಡಿ ಒತ್ತಿದೆ. ಫ್ಯಾನ್ ಗುಂಯ್ ಅಂದಿತು. ಪರದೆ ಕತ್ತಲಾಗಿರಬೇಕು, ನನಗೇನು? ಸ್ವಲ್ಪ ಹೊತ್ತಿಗೆ ಆ ಒರಟು ದನಿ ತಾನು ಸಿದ್ಧವಿರುವುದಾಗಿ ಹೇಳಿತು.

ಗಂಡ ಒದ್ದೆ ಮೈಯಲ್ಲೇ ಬಂದು ನಿಂತರು. ಖುಷಿಪಡುತ್ತಾರೆ ಎಂದುಕೊಂಡೆ. ಕೀಲಿಮಣೆಯ ಮೇಲಿದ್ದ ನನ್ನ ಕೈಯನ್ನು ಹಿಡಿದು ನಿಲ್ಲಿಸಿದರು.

"ಪೇಪರ್ ತಗೀಬ್ಯಾಡ. ಮೊದಲ ನಾ ಹೇಳ್ತೀನಿ. ನಿನ್ನ ಗೆಳತಿ ಹೋದ್ಲು. ನಿನ್ನೆ ಅಂಗಡ್ಯಾಗಿದ್ದಾಗ ಫೋನ್ ಬಂತಲ್ಲ, ಅದ."

"ಮಣ್ಣು ಯಾವಾಗಾತು?"

"ನಿನ್ನೆ ಸಂಜೀಗಿ."

ಅಂದರೆ ನಾವು ಅದೇ ಊರಿನಲ್ಲಿದ್ದೆವು. ರಿಕ್ಷಾದಲ್ಲಿ ಹೋಗಿದ್ದರೆ ಅವಳ ಕೈ ಮುಟ್ಟಬಹುದಿತ್ತು. ನನಗೆ ನೋಡುವುದೆಂದರೆ ಮುಟ್ಟುವುದೇ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕಂಪ್ಯೂಟರ್ ಕೆಟ್ಟದ್ದಕ್ಕೇ ನೀನು ಉಣ್ಣುವುದನ್ನು ಬಿಟ್ಟಿದ್ದೆ, ಇನ್ನೊಂದನ್ನು ಹೇಗೆ ಹೇಳಲಿ ಅಂದರು. ಅವರ ದನಿ ಒಡೆದಿತ್ತು. ಆದರೂ ಅವರನ್ನು ಸಮಾಧಾನ ಮಾಡುವ ಮನಸ್ಸು ನನಗೆ ಬರಲಿಲ್ಲ.

ಆ ದಿನವೇ ಮಹಾಂತೇಶ ನಗರಕ್ಕೆ ಹೋದೆವು. ಗೆಳತಿಯ ಮಗಳು ನನ್ನನ್ನು ತಬ್ಬಿಕೊಂಡು ಮೆಲ್ಲಗೆ ಅಂದಳು: "ನಿಮಗ ತಡಕೊಳ್ಳಾಕ ಆಗೂದಿಲ್ಲಂತ ಕಾಕಾ ಹೇಳಿದ್ರು. ನಾವೂ ಖರೇ ಅಂದ್ಕೊಂಡ್ವಿ ಮಾವಶಿ."

ನನ್ನ ಪರವಾಗಿ ನನ್ನ ಅಳುವನ್ನೂ ಅವರು ಅಳೆದು ಹೇಳಿಬಿಟ್ಟಿದ್ದರು. ಆ ಮನೆಯಲ್ಲಿ ಜಗಳವಾಡುವ ಹಾಗಿರಲಿಲ್ಲ. ತಡೆದುಕೊಳ್ಳುತ್ತಿದ್ದೆ ಮಗಾ ಎಂದಷ್ಟೇ ಹೇಳಿದೆ. ಅವಳು ತಾಯಿಯ ಖೋಲಿಗೆ ಕರೆದೊಯ್ದು ಹಾಸಿಗೆಯ ಮೇಲೆ ಕೂರಿಸಿದಳು. ಚಾದರ ಒಗೆದು ಹಾಸಿದ್ದರು, ಸೋಪಿನ ವಾಸನೆ ಬಿಟ್ಟು ಅಲ್ಲಿ ಬೇರೇನೂ ಉಳಿದಿರಲಿಲ್ಲ.

ಈಗ ಹೊಸ ವಯರು ಬಂದಿದೆ, ಕಂಪ್ಯೂಟರ್ ತಕರಾರಿಲ್ಲದೆ ನಡೆಯುತ್ತಿದೆ. ಆದರೂ ಗಂಡ ದಿನಾ ಬೆಳಿಗ್ಗೆ ಪೇಪರ್ ಓದಿ ಹೇಳುತ್ತಾರೆ. ಈಗ ಸತ್ತವರ ಹೆಸರುಗಳನ್ನೂ ಓದುತ್ತಾರೆ, ನಿಧಾನವಾಗಿ, ಒಂದನ್ನೂ ಬಿಡದೆ. ನಾನು ಕೊನೆಯವರೆಗೂ ಕೇಳುತ್ತೇನೆ. ಅವರು ಕೆಲಸಕ್ಕೆ ಹೋದ ಮೇಲೆ ಅದೇ ಪುಟವನ್ನು ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಓದಿಸುತ್ತೇನೆ. ಇದು ಅವರಿಗೆ ತಿಳಿದಿದೆ ಎಂದು ನನಗೆ ಅನಿಸುತ್ತದೆ.