ದಿಬ್ಬದ ಮೇಲಿನ ಮನೆಬಾಗಿಲು

ಇಡಗುಂದಿಯಾಚೆಯ ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ಬೀಗ ಹಾಕಿದವರು ಅದನ್ನು ಸುಧಾರಣೆ ಎಂದು ಕರೆದರು. ಇನ್ನು ಮೇಲೆ ಔಷಧಿಯ ವ್ಯಾನೇ ಬರುತ್ತದಂತೆ. ವ್ಯಾನು ಬಂತು, ಆದರೆ ಊರಿಗಲ್ಲ, ಊರಿನ ಮೇಲಿನ ದಿಬ್ಬಕ್ಕೆ. ಗುಳಿಗೆ ಕೊಟ್ಟ ಕೂಡಲೇ ವ್ಯಾನಿನವರು ರೋಗಿಯ ಫೋಟೋ ತೆಗೆದು ಕಚೇರಿಗೆ ಕಳಿಸಬೇಕು, ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಮಂಡಿ ಸವೆದ ನನ್ನ ಅಜ್ಜಿ ಬಿ.ಪಿ. ಗುಳಿಗೆಗಾಗಿ ಆ ಕಾಲುದಾರಿ ಹತ್ತಬೇಕಿತ್ತು. ಅವಳ ಬದಲು ನಾನು ಹೋದರೆ, ಈ ಮುಖಕ್ಕೆ ಬಿ.ಪಿ. ಇಲ್ಲವೆಂದು ವಾಪಸ್ ಕಳಿಸಿದರು.

ಯಲ್ಲಾಪುರದಲ್ಲಿ ಜನರ ಅಹವಾಲು ಕೇಳುವ ಸಭೆ ಇತ್ತು. ಯೋಜನೆ ಮಾಡಿದ ಸಾಹೇಬರು ಪರದೆಯ ಮೇಲೆ ನಮ್ಮೂರನ್ನು ಹಸಿರು ಚುಕ್ಕೆಯಾಗಿಸಿ ತೋರಿಸಿ, ಗಂಟಲು ಸರಿಮಾಡಿಕೊಂಡರು.

“ನೋಡಿ, ಸೇವೆ ಈಗ ನಿಮ್ಮ ಮನೆಬಾಗಿಲಿಗೇ ಬಂದಿದೆ.”

“ಸಾರ್, ನಮ್ಮನೆ ಬಾಗಿಲು ದಿಬ್ಬದ ಕೆಳಗಿದೆ,” ಎಂದೆ.

“ಒಳ್ಳೇ ಸಲಹೆ. ಬರ್ಕೊಳ್ರೀ,” ಎಂದು ಪಕ್ಕದ ಗುಮಾಸ್ತರಿಗೆ ಹೇಳಿದರು. ಗುಮಾಸ್ತರು ಉಪ್ಪಿಟ್ಟು ತಿನ್ನುತ್ತಿದ್ದರು.

ಇಂಥವರನ್ನು ಅಣಕಿಸಲು ಪ್ರತಿಭೆ ಬೇಡ, ಗಂಟಲಲ್ಲಿ ಸ್ವಲ್ಪ ಕಫ ಇದ್ದರೆ ಸಾಕು. ಸಂಜೆ ಜಗಲಿಯಲ್ಲಿ ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ ನಿಂತು, “ಮನೆಬಾಗಿಲಿಗೇ ಬಂದಿದೆ” ಎಂದೆ. ನೆರೆಮನೆಯವರು ನಕ್ಕು ನಕ್ಕು ಸುಸ್ತಾದರು. ನಾನು ಸಾಹೇಬರಿಗಿಂತ ಚೆನ್ನಾಗಿ ಸಾಹೇಬನಾಗಿದ್ದೆ ಎಂಬ ಜಂಬ ನನಗೆ.

ಅಜ್ಜಿಯೂ ನಕ್ಕಳು. ಆಮೇಲೆ ಕೈ ಚಾಚಿದಳು.

“ಅವನ ದನಿ ತಗಬಂದ್ಯಲ ತಮಾ. ಯನ್ನ ಗುಳಿಗೆ ಎಲ್ಲಿದ್ದು?”

ನಾನು ಮತ್ತೆ ಗಂಟಲು ಸರಿಮಾಡಿಕೊಂಡೆ, ಥೇಟು ಸಾಹೇಬರ ಹಾಗೆಯೇ.