ಅರವತ್ತನಾಲ್ಕು ಎಂಬಿಯ ಊರು

ಇಪ್ಪತ್ತು ವರ್ಷದ ಹಿಂದೆ ಕಾರವಾರದ ನನ್ನ ಕಂಪ್ಯೂಟರ್ ಅಂಗಡಿಗೆ ಬರುತ್ತಿದ್ದ, ಕಟ್ಟಡಗಳ ನಕ್ಷೆ ಬರೆದು ನಿವೃತ್ತರಾದ ಡ್ರಾಫ್ಟ್ಸ್‌ಮನ್ ಒಬ್ಬರು ಮಾತಿಗೊಮ್ಮೆ "ಸಮಾ ಕಾಣ್ಬೇಕು ತಮ್ಮಾ" ಎನ್ನುತ್ತಿದ್ದರು. ನೌಕಾನೆಲೆಗೆಂದು ಒಕ್ಕಲೆಬ್ಬಿಸಿ ಕೆಡವಿದ ಕಡಲತೀರದ ತಮ್ಮೂರನ್ನು, ಹಳೆಯ ಫೋಟೋಗಳನ್ನು ಗೋಡೆಗಳಿಗೆ ಅಂಟಿಸುತ್ತ, ಕಂಪ್ಯೂಟರಿನಲ್ಲಿ ಮನೆಮನೆಯಾಗಿ ಕಟ್ಟುತ್ತಿದ್ದರು. ಬಾಗಿಲುಗಳನ್ನು ಪರದೆಯ ಮೇಲೇ ಪೆನ್ಸಿಲ್ ಹಿಡಿದು ಅಳೆಯುತ್ತಿದ್ದರು.

ಒಂದು ದಿನ, ಪರದೆಗೆ ಚಿತ್ರ ಮೂಡಿಸುವ ಎರಡು ಗ್ರಾಫಿಕ್ಸ್ ಕಾರ್ಡುಗಳನ್ನು ಒಂದಾದ ಮೇಲೊಂದು ಹಾಕಿ ತೋರಿಸಿದೆ. ನೂರಿಪ್ಪತ್ತೆಂಟು ಎಂಬಿ ಮೆಮೊರಿಯದರಲ್ಲಿ ಊರು ಸಲೀಸಾಗಿ ತಿರುಗಿತು. ಅದರ ಬೆಲೆ ಕೇಳಿ ಅವರು ಕನ್ನಡಕ ಒರೆಸಿಕೊಂಡು, ಅಗ್ಗದ್ದನ್ನು ಹಾಕಲು ಹೇಳಿದರು. ಅರವತ್ತನಾಲ್ಕರದರಲ್ಲಿ ಊರು ತಡವರಿಸಿ ನಿಂತೇಬಿಟ್ಟಿತು.

"ಇದ್ರಲ್ಲೇ ನಡೀಬೇಕಂದ್ರೆ ಊರಿಂದ ಏನಾದ್ರೂ ತೆಗೀಬೇಕಾಗ್ತದೆ ಸರ್," ಎಂದೆ.

ಅವರ ಪೆನ್ಸಿಲ್ ಒಂದೊಂದೇ ಮನೆಯ ಮೇಲೆ ನಿಂತು, ಮುಂದೆ ಸರಿದು, ಕೊನೆಗೆ ಪರದೆಯ ಅಂಚಿನ ನೀಲಿಗೆ ಬಂತು.

"ಸಮುದ್ರ ತೆಗಿ ತಮ್ಮಾ. ಅದೊಂದು ಇನ್ನೂ ಅಲ್ಲೇ ಅದೆ."